ಮಲ್ಲಣ್ಣನ ಹೆಸರಿಗೆ ಒಂದು ಫಾಂಟು

ಯಾರಾದರೂ ಇದು ಸುಳ್ಳು ಅಂತ ಹೇಳಿ...

ಬೆಳಿಗ್ಗೆ ನಮ್ಮ ಸಂಪಾದಕರ ಫೋನ್ ಬಂತು.
"ಶಿವರಾಜ, ಮಲ್ಲಣ್ಣ ಹೋಗಿಬಿಟ್ಟಾನಪ್ಪ..."
"ಎಲ್ಲಿಗ್ರಿ ಸರ್?" ಅಂದೆ.
ನಿಜವಾಗಿಯೂ ಹಾಗೇ ಕೇಳಿದೆ.

ಹಾರ್ಟ್ ಅಟ್ಯಾಕ್ ಅಂತೆ. ನಿನ್ನೆ ಸಂಜೆ ನನ್ನ ಪುಟ ನೋಡಿ, ನಕ್ಕು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋದವನು...

ಗೊತ್ತಿಲ್ಲದ ಗೆಳೆಯರಿಗೆ ಹೇಳುತ್ತೇನೆ. ಶಹಾಪುರದ ನಮ್ಮ ವಾರಪತ್ರಿಕೆಯಲ್ಲಿ ಪುಟ ಕಟ್ಟುವವರು ಇಬ್ಬರೇ. ಮಲ್ಲಣ್ಣ ಮತ್ತು ನಾನು. ಒಂದೇ ರೂಮು, ಅಕ್ಕಪಕ್ಕ ಎರಡು ಕಂಪ್ಯೂಟರು. ಓದುಗರು ಹೊಗಳಿದ ಪುಟಗಳೆಲ್ಲ ಅವನ ಕಂಪ್ಯೂಟರಿನಿಂದಲೇ ಹೋದವು.

ಇವತ್ತು ಒಳ್ಳೆಯ ಮಾತು ಮಾತ್ರ ಬರೆಯಬೇಕು ಅನ್ನುತ್ತಾರೆ... ನನಗಾಗುವುದಿಲ್ಲ.
ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.
ಈಗಲೂ ಉರಿಯುತ್ತಿದೆ.

ಸಂಪಾದಕರು ಫೋನ್ ಇಡುವ ಮುಂಚೆ ಅಂದರು, "ಈ ವಾರ ಅವಂದೊಂದು ಪುಟ ಮಾಡೂಣು. ನೀನೇ ಕಟ್ಟು."
ಅವನ ಪುಟಕ್ಕಿಂತ ಚೆಂದದ್ದೊಂದು ಪುಟ ಕಟ್ಟಬೇಕು ಅನ್ನುವುದು ನನ್ನ ಬಹಳ ದಿನದ ಹಟ. ಸಿಕ್ಕ ಅವಕಾಶ ನೋಡಿ... ಇದು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ. ಹೆಡ್ಡಿಂಗಿಗೆ ಹೊಸ ಫಾಂಟ್ ಬಂತೆಂದರೆ ಮೊದಲು ಮೂರು ಊರಿನ ಹೆಸರು ಹೊಡೆದು ನೋಡುವುದು.
ಯಾದಗಿರಿ.
ಶಹಾಪುರ.
ಸುರಪುರ.
ಚೆಂದ ಕಂಡರೆ ಪಾಸ್.

ಮಲ್ಲಣ್ಣ ಮಾತ್ರ ತನ್ನ ಹೆಸರು ಹೊಡೆಯುತ್ತಿದ್ದ. ದೊಡ್ಡದಾಗಿ, ಸ್ಕ್ರೀನ್ ತುಂಬ.
"ಏನೋ, ನಿನ್ನ ಹೆಸರು ನೀನೇ ನೋಡ್ಕೋತ ಕುಂತೀದಿ?" ಅಂತ ಕಾಡಿಸುತ್ತಿದ್ದೆವು.
ನಗುತ್ತಿದ್ದ, ಅಷ್ಟೇ.

ಆಮೇಲೆ ಏಕೀಕರಣದ ವಿಶೇಷ ಸಂಚಿಕೆ ಬಂತು. ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದ ಅಜ್ಜಂದಿರು ನಾಡು ಒಂದಾಗುವ ಹೊತ್ತಿಗೆ ಕನ್ನಡ ಕಲಿತ ಲೇಖನ. ಮೊದಲ ಸಲ ಮುಖ್ಯ ಪುಟ ನನ್ನ ಪಾಲಿಗೆ ಬಂದಿತ್ತು. ದಪ್ಪ, ಗತ್ತಿನ ಫಾಂಟೊಂದನ್ನು ಆರಿಸಿದೆ. ಅದರಲ್ಲಿ ಮೂರೂ ಊರುಗಳು ಮದುಮಕ್ಕಳಂತೆ ಕಂಡವು. ಸಂಪಾದಕರು ಬೆನ್ನು ತಟ್ಟಿದರು.

ಆಮೇಲೆ ಹೆಡ್ಡಿಂಗ್ ಹೊಡೆದೆ...
ಉರ್ದು ಬಲ್ಲ ಅಜ್ಜ
ಕನ್ನಡ ಕಲಿತ ಕಥೆ

ಮೇಲಿನ ಸಾಲಿನ ಒತ್ತಕ್ಷರಗಳೆಲ್ಲ ಇಳಿದು ಬಂದು ಕೆಳಗಿನ ಸಾಲಿನ ತಲೆಯ ಮೇಲೆ ಕೂತವು! ಸಾಲು ದೂರ ಸರಿಸಿದರೆ ಎರಡೂ ಬೇರೆ ಬೇರೆ ಸುದ್ದಿಯಂತೆ ಕಂಡವು.

ನಮ್ಮ ಮೂರೂ ಊರಿನ ಹೆಸರಿನಲ್ಲಿ ಒಂದೇ ಒಂದು ಒತ್ತಕ್ಷರವಿಲ್ಲ... ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.
ಮಲ್ಲಣ್ಣನ ಹೆಸರಿನಲ್ಲಿ ಎರಡಿವೆ. ಅದೂ ಒಂದರ ಪಕ್ಕ ಒಂದು.
ಕೊಂಕಲ್‌ನ ಕುರಿ ಸಾಕುವ ಮನೆಯವನು ಅವನು. ಸಂತೆಯಲ್ಲಿ ಟಗರಿನ ಕಾಲು ನೋಡುವವರ ಹಾಗೆ ಅಕ್ಷರದ ಬುಡ ನೋಡುತ್ತಿದ್ದ. ನಾವೆಲ್ಲ ತಲೆ ನೋಡುತ್ತಿದ್ದೆವು.

ಮಲ್ಲಣ್ಣಾ...
ಆ ದಿನ ನೀನು ಏನೂ ಆಡಿಕೊಳ್ಳಲಿಲ್ಲ. ಮೊಬೈಲ್ ತೆಗೆದು ಸುರಪುರದ ಬಟ್ಟೆ ಅಂಗಡಿಯ ಹಳೆಯ ಬೋರ್ಡಿನ ಫೋಟೊ ತೋರಿಸಿದೆ. ಏಕೀಕರಣದ ವರ್ಷಗಳಲ್ಲಿ ಉರ್ದು ಅಳಿಸಿ ಕನ್ನಡ ಬರೆಸಿದ ಬೋರ್ಡು.
"ನೋಡೋ ಶಿವ್ಯಾ, ಬರದಾಂವ ಉರ್ದು ಬರಿಯಾಂವ. ಬ್ರಶ್ಶೂ ಅದೇ, ಕೈಯೂ ಅದೇ, ಅಕ್ಷರ ಅಷ್ಟೇ ಕನ್ನಡ. ಒತ್ತು ಹೆಂಗ ಓರಿ ಮಾಡಿ ಮಗ್ಗಲಕ್ಕ ಕುಂದ್ರಿಸ್ಯಾನ ನೋಡು."

ಲೇ, ಸುರಪುರದವನು ನಾನು!
ಹುಟ್ಟಿದಾಗಿನಿಂದ ಆ ಬೋರ್ಡಿನ ಕೆಳಗೆ ಓಡಾಡಿದವನು ನಾನು. ಅದರ ನೆರಳಲ್ಲಿ ನಿಂತು ಚಹಾ ಕುಡಿದವನು ನಾನು.
ನೋಡಿದವನು ನೀನು.
ಹೊಟ್ಟೆ ಉರಿಯದೆ ಇನ್ನೇನಾಗಬೇಕಿತ್ತು?

ಆ ಅಕ್ಷರ ನೋಡಿಕೊಂಡೇ ನೀನು ಹೆಡ್ಡಿಂಗ್ ಬರೆದುಕೊಟ್ಟೆ. ಮುಂದೆ ತಿಂಗಳುಗಟ್ಟಲೆ ಕೂತು ಅದನ್ನೇ ಪೂರ್ತಿ ಫಾಂಟ್ ಮಾಡಿದೆ. ಆ ದಿನವೇ ಹೆಡ್ಡಿಂಗಿನ ಕೆಳಗೆ ನಾನು ಇನ್ನೊಂದು ಗತ್ತಿನ ಫಾಂಟ್ ಹಾಕಲು ಹೋದಾಗ ನೀನು ನನ್ನ ಕೈ ಹಿಡಿದೆ.
"ಬ್ಯಾಡೋ. ಇಬ್ರೂ ಜೋರ್ ಮಾತಾಡೋರಾದ್ರ ಮನಿ ನಡೀತದೇನು? ಒಬ್ಬಾಂವ ಮಾತಾಡ್ಬೇಕು, ಒಬ್ಬಾಂವ ಕೇಳ್ಬೇಕು."
ತೆಳ್ಳನೆಯ ಸಾದಾ ಫಾಂಟ್ ಹಾಕಿಸಿದೆ. ಪುಟ ಎದ್ದು ನಿಂತಿತು. ಓದುಗರ ಫೋನ್ ಬಂದವು... ನಿನಗೆ.
ನಿನ್ನ ಪಕ್ಕದಲ್ಲಿ ನಾನು ಯಾವಾಗಲೂ ಕೇಳುವವನೇ ಆದೆ.

ಮಧ್ಯಾಹ್ನ ಕೊಂಕಲ್‌ನಲ್ಲಿ ನಿನಗೆ ಮಣ್ಣು ಕೊಟ್ಟು ಬಂದೆವು. ನಿನ್ನ ಹೆಂಡತಿ, ನಮ್ಮ ವೈನಿ, ನನ್ನನ್ನು ನೋಡಿ ಅತ್ತರು.
"ನಿನ್ನಿ ಮನಿಗಿ ಬಂದು ನಿಮ್ಮ ಪುಟದ ಮಾತೇ ಆಡಾಕತ್ತಿದ್ರು. ಶಿವ್ಯಾನಂಗ ಸಾದಾ ಪುಟ ಕಟ್ಟಾಕ ನನಗ ಬರಂಗಿಲ್ಲ, ನೋಡಿದ್ರ ಹೊಟ್ಟಿಕಿಚ್ಚಾಗ್ತದ ಅಂದ್ರು."

ಅಂದರೆ ನಿನಗೂ...?
ಬದುಕಿದ್ದಾಗ ಒಂದು ಸಲ ನನಗೆ ಹೇಳಿದ್ದರೆ ಏನು ಹೋಗುತ್ತಿತ್ತು ನಿನ್ನ ಗಂಟು?
ಹೊಟ್ಟೆಕಿಚ್ಚನ್ನೂ ನನಗಿಂತ ಚೆಂದವಾಗಿ ಇಟ್ಟುಕೊಂಡಿದ್ದೆಯಲ್ಲೋ... ಅದಕ್ಕೂ ಉರಿಯುತ್ತಿದೆ ನನಗೆ.

ಸಂಜೆಯಿಂದ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ನಿನ್ನ ಫಾಂಟ್ ಮಾತ್ರ ಮುಟ್ಟಬಾರದು ಅಂದುಕೊಂಡು ನನ್ನ ಹತ್ತಿರ ಇದ್ದಬದ್ದದ್ದೆಲ್ಲ ಹಾಕಿ ನೋಡಿದೆ. ಒಂದರಲ್ಲಿ ಲ ಒತ್ತು ಜೋತು ಬೀಳುತ್ತದೆ. ಇನ್ನೊಂದರಲ್ಲಿ ಣ ಒತ್ತು ಪಕ್ಕದವರ ಕಾಲು ತುಳಿಯುತ್ತದೆ.
ಕೊನೆಗೆ ನಿನ್ನದನ್ನೇ ಹಾಕಿದೆ.

ಮಲ್ಲಣ್ಣ.

ಸ್ಕ್ರೀನ್ ತುಂಬ... ನೀನು ನೋಡುತ್ತಿದ್ದ ಹಾಗೇ.
ಎರಡೂ ಒತ್ತು ಎಷ್ಟು ಚೆಂದ ಕೂತಿವೆ ಗೊತ್ತೇನೋ...

ನೀನೇ ಗೆದ್ದೆ ಬಿಡು.

ಕೆಳಗೆ ನನ್ನ ಮಾತು. ತೆಳ್ಳನೆಯ ಸಾದಾ ಫಾಂಟಿನಲ್ಲಿ, ನಿನಗೆ ಬರುವುದಿಲ್ಲ ಅಂದೆಯಲ್ಲ, ಹಾಗೆ.
ಇವತ್ತು ಮಾತಾಡುವವನು ನಾನು, ಕೇಳುವವನು ನೀನು.
ನನಗೆ ಇದು ಬೇಕಾಗಿರಲಿಲ್ಲ ಕಣೋ...

ಹೋಗಿ ಬಾ ಗೆಳೆಯಾ. ಶಿವನ ನೆರಳಲ್ಲಿ ನಿನ್ನ ಜೀವ ತಣ್ಣಗಿರಲಿ. 🙏