ತಟ್ಟಿ ಕೇಳುವ ಮೌನೇಶಪ್ಪ

ಮೌನೇಶಪ್ಪ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಬಲಗೈಯ ನಡುಬೆರಳನ್ನು ಮಡಿಚಿ, ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಚಹಾದಂಗಡಿಯ ಬೆಂಚು, ಬಸ್ಸಿನ ಕಿಟಕಿ, ಕಲ್ಲಂಗಡಿ ಹಣ್ಣು, ಎಲ್ಲಕ್ಕೂ ಅದೇ ಮರ್ಯಾದೆ. ಮೊದಲ ಭೇಟಿಯಲ್ಲಿ ನನ್ನ ಎದೆಯ ಮೇಲೂ ತಟ್ಟಿದ್ದರು.

"ಒಳಗ ಖಾಲಿ ಅದ ಸರ. ನೀವಿನ್ನೂ ಊಟ ಮಾಡಿಲ್ಲ."

ನಾನು ಊಟ ಮಾಡಿರಲಿಲ್ಲ ಎಂದೇ ನೆನಪು. ಅವರ ಮಾತು ನಿಜವಾಗಲೆಂದು ನನ್ನ ನೆನಪೇ ಆಮೇಲೆ ಆ ದಿನ ನನ್ನನ್ನು ಉಪವಾಸ ಇರಿಸಿತೋ ಏನೋ. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಇತಿಹಾಸ ಓದಿದವನು ನಾನು. ಒಬ್ಬರೇ ಹೇಳಿದ್ದನ್ನು, ಆ ಒಬ್ಬರು ನಾನೇ ಆಗಿದ್ದರೂ, ನಂಬಬಾರದೆಂದು ಅಲ್ಲಿ ಕಲಿತೆ. ಹಾಗಾಗಿ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿಯೇ ಬರೆಯುತ್ತೇನೆ.

ರಾಯಚೂರಿನಲ್ಲಿ ಅವರ ಬಡಿಗತನದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅವರು ಮಾಡುತ್ತಿದ್ದುದೆಲ್ಲ ಸಣ್ಣ ಸಾಮಾನು: ಮಣೆ, ಸ್ಟೂಲು, ಕನ್ನಡಿ ಚೌಕಟ್ಟು, ವಿಭೂತಿ ಪೆಟ್ಟಿಗೆ. ಕೇಳಿದವರಿಗೆ ಅದರಲ್ಲೊಂದು ಚೋರಖಾನೆ ಇಟ್ಟುಕೊಡುತ್ತಿದ್ದರು. ಹೊರಗಿನಿಂದ ಗೆರೆ ಕೂಡ ಕಾಣದ ಗುಟ್ಟಿನ ಗೂಡು ಅದು. ಅದರಲ್ಲಿ ಏನಿಡುತ್ತೀರಿ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ.

"ಯಾರಿಗೆ ಕಾಣಬಾರದು, ಅಷ್ಟ ಹೇಳ್ರಿ. ಗಂಡಸರು ಮುಂದ ಮುಂದ ತಡಕ್ಯಾಡತಾರ. ಅತ್ತಿ ಇದ್ರ ಬೋರಲ ಹಾಕಿ ತಳಾನೂ ನೋಡತಾಳ. ಅದರ ಮ್ಯಾಲೆ ಖಾನೆ ಬಾಯಿ ಎಲ್ಲಿ ಇಡಬೇಕಂತ ನಾ ಹೇಳತೀನಿ."

ಜಂಬ ಬಹಳವಿತ್ತು. ನನಗೊಂದು ಸ್ಟೂಲು ಮಾಡಿಕೊಟ್ಟು, ಇದರಲ್ಲೂ ಖಾನೆಯಿದೆ ಎಂದರು. ನಾನು ತಿರುಗಿಸಿ, ಒತ್ತಿ, ಎಳೆದು ಸೋತು, "ಇದರಲ್ಲಿ ಏನೂ ಇಲ್ಲ" ಎಂದೆ.

"ಇಲ್ಲ ಅಂತ ಸಾಬೀತು ಮಾಡ್ರಿ ಸಾಹೇಬ್ರ. ಎಂ.ಎ. ಮಾಡೀರಿ, ಅಷ್ಟೂ ಆಗಂಗಿಲ್ಲೇನು?" ಎಂದು ಹೊಟ್ಟೆ ಕುಣಿಸಿ ನಕ್ಕರು.

ಒಂದು ಬೇಸಿಗೆ ದೇವದುರ್ಗದಿಂದ ನಿಂಗವ್ವ ಎಂಬಾಕೆ ಮಗಳು ನೀಲಮ್ಮನನ್ನು ಕರೆದುಕೊಂಡು ಬಂದಳು. ನೀಲಮ್ಮನನ್ನು ಮಾನ್ವಿಯ ಅಕ್ಕಿ ಗಿರಣಿ ಸಾವುಕಾರರ ಮನೆಗೆ ಕೊಟ್ಟಿದ್ದರು. ನೆಂಟರ ಮದುವೆಯ ನೆಪದಲ್ಲಿ ತವರಿಗೆ ಬಂದಿದ್ದಳಂತೆ. ಮೌನೇಶಪ್ಪ ಕೇಳದಿದ್ದರೂ ಆಕೆಯೇ ಹೇಳಿದಳು.

"ನನ್ನ ಫೋನ್ ಕಸ್ಕೊಂಡಾರ ಯಪ್ಪಾ. ಅವ್ವ ಸಣ್ಣದೊಂದು ಕೊಟ್ಟಾಳ. ಅದನ್ನ ಇಡಾಕ ಜಾಗ ಬೇಕು. ಅಲ್ಲಿ ನನಗೇನರ ಆದ್ರ ಅವ್ವಗ ಗೊತ್ತಾಗಬೇಕಲ್ಲ."

ಮೌನೇಶಪ್ಪ ಮೊದಲ ಬಾರಿಗೆ ನಗಲಿಲ್ಲ. ಬೇವಿನ ಕಟ್ಟಿಗೆಯಲ್ಲಿ ಒಂದು ವಿಭೂತಿ ಪೆಟ್ಟಿಗೆ ಮಾಡಿದರು. ಒಬ್ಬರ ಲಿಂಗಪೂಜೆಯ ಪೆಟ್ಟಿಗೆಯನ್ನು ಲಿಂಗಾಯತರ ಮನೆಗಳಲ್ಲಿ ಇನ್ನೊಬ್ಬರು ಮುಟ್ಟುವುದಿಲ್ಲ. ತಳದ ಎಡಮೂಲೆಯಲ್ಲಿ ಖಾನೆ. ಉಗುರಿನ ತುದಿಯೂ ಹೋಗದಷ್ಟು ಬಿಗಿಯಾಗಿ ಅದರ ಹಲಗೆ ಕೂಡಿಸಿ, ನನ್ನನ್ನು ಕರೆದು ತೋರಿಸಿ ಹಿಗ್ಗಿದರು. ಹೊರಗೆ ರಾಯಚೂರಿನ ಬಿಸಿಲು ರಸ್ತೆಯ ಡಾಂಬರನ್ನು ಕರಗಿಸುತ್ತಿತ್ತು.

ಆ ಬಿಗಿಯೇ ತಪ್ಪಾಯಿತು. ಕಾಲುವೆಗೆ ನೀರು ಬಿಟ್ಟ ಮೇಲೆ ಮಾನ್ವಿಯ ಗಾಳಿ ಬೇರೆಯಾಗುತ್ತದೆ, ಗೋಡೆಗಳೂ ಬೆವರುತ್ತವೆ. ಕಟ್ಟಿಗೆ ಉಬ್ಬಿತು. ಖಾನೆ ಕಚ್ಚಿಕೊಂಡಿತು, ಫೋನು ಒಳಗೇ ಉಳಿಯಿತು. ಪಂಚಮಿಗೆ ಮಗಳನ್ನು ಕಳಿಸಲಿಲ್ಲ, ಅವಳ ಫೋನೂ ಇಲ್ಲ ಎಂದು ನಿಂಗವ್ವ ಮೌನೇಶಪ್ಪನಿಗೆ ದಿನವೂ ಫೋನಿನಲ್ಲಿ ಹೇಳಿಕೊಂಡು ಅಳುತ್ತಿದ್ದಳು. ಅಷ್ಟರಲ್ಲಿ ಮಾನ್ವಿಯಿಂದ ಸಾವುಕಾರರೇ ಕರೆ ಮಾಡಿದರು. ಸೊಸೆಯ ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿದೆಯಂತೆ, ಪೂಜೆ ನಿಂತಿದೆ, ಬಂದು ಸರಿಮಾಡು ಎಂದರು. ನೀಲಮ್ಮ ಮುಚ್ಚಳದ ನೆಪ ಹೇಳಿ ಮೌನೇಶಪ್ಪನನ್ನು ಕರೆಸಿದ್ದಳು.

"ನೀವೂ ಬರ್ರಿ ಸರ," ಎಂದರು ಮೌನೇಶಪ್ಪ. "ನಾ ತಳ ಬಿಡಿಸೋತನಕ ಸಾವುಕಾರ್ರನ್ನ ಮಾತಿನಾಗ ಇಡ್ರಿ. ಮಾತು ನಿಮಗ ಬರ್ತದ."

ಇನ್ನು ನಾನು ಕಂಡದ್ದು. ದೊಡ್ಡ ಪಡಸಾಲೆ, ಗಾದಿಯ ಮೇಲೆ ಸಾವುಕಾರರು, ಹಣೆಯ ತುಂಬ ವಿಭೂತಿ, ಬಹಳ ಮೆತ್ತನೆಯ ದನಿ. ಒಳಬಾಗಿಲಿನ ಮರೆಯಲ್ಲಿ ನೀಲಮ್ಮ ನಿಂತಿದ್ದಳು. ಬೇಸಿಗೆಯಲ್ಲಿ ಮೊಣಕೈತನಕ ಇದ್ದ ಹಸಿರು ಬಳೆಗಳಲ್ಲಿ ಒಂದೂ ಇರಲಿಲ್ಲ. ನಾನು ಭತ್ತದ ಮಾತು ತೆಗೆದೆ. ಸಾವುಕಾರರು ಸಾವಧಾನವಾಗಿ ನಾಟಿಯ ಬಗ್ಗೆ ಹೇಳುತ್ತ ಹೋದರು. ಮೌನೇಶಪ್ಪ ಮುಚ್ಚಳವನ್ನು ಕೀಸಿ, ಪೆಟ್ಟಿಗೆಯನ್ನು ಬೋರಲು ಹಾಕಿ ಮೂಲೆಗೆ ಉಳಿ ಹಚ್ಚಿದರು. ಹಲಗೆ ಜರುಗಲಿಲ್ಲ. ಆಗ ಅವರ ಬಲಗೈಯ ನಡುಬೆರಳು ತಾನಾಗಿ ಮಡಿಚಿಕೊಂಡಿತು. ಮಧ್ಯದಲ್ಲಿ ಒಂದು ಸಲ ತಟ್ಟಿತು, ಮೂಲೆಯಲ್ಲಿ ಒಂದು ಸಲ. ಎರಡು ಸದ್ದೂ ಬೇರೆ ಬೇರೆ.

ಸಾವುಕಾರರ ಮಾತು ಅರ್ಧಕ್ಕೆ ನಿಂತಿತು. ಎದ್ದು ಬಂದು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ತಮ್ಮ ಬೆರಳು ಮಡಿಚಿ ಅದೇ ಮೂಲೆಗೆ ತಟ್ಟಿದರು.

"ಇಲ್ಲಿ ಬ್ಯಾರೆ ಸಪ್ಪಳ ಬರ್ತದಲ್ಲೋ ಬಡಿಗ್ಯಾ?"

"ಹಸಿ ಹಿಡದದರೀ ಸಾವುಕಾರ್ರ. ಒಂದೊಂದು ಕಡಿ ಹಂಗ ಕೇಳತದ."

"ಹೌದೇನು?" ಸಾವುಕಾರರು ನಕ್ಕು ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು. "ಇರಲಿ ಬಿಡು. ದೂರದಿಂದ ಬಂದೀರಿ, ಊಟ ಮಾಡ್ಕೊಂಡು ಹೋಗ್ರಿ."

ಬಾಗಿಲ ಮರೆಯಲ್ಲಿ ಆಗಲೇ ಯಾರೂ ಇರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಮೌನೇಶಪ್ಪ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. ರಾಯಚೂರು ಬರುವತನಕ ಆಡಿದ್ದು ಒಂದೇ ಮಾತು: "ಈ ಬೆರಳು ಕೆಡಿಸಿತು ಸರ."

ಮರುವಾರ ಗಿರಣಿಯ ಡ್ರೈವರ್ ಬಂದು ಪೆಟ್ಟಿಗೆಯನ್ನು ಅಂಗಡಿಯ ಕಟ್ಟೆಯ ಮೇಲಿಟ್ಟ. ಗುಟ್ಟಿನ ಹಲಗೆಯನ್ನು ನೀಟಾಗಿ ಕಿತ್ತಿದ್ದರು. ಒಳಗೆ ಏನೂ ಇರಲಿಲ್ಲ.

"ಸೊಸಿ ತವರಿಗೆ ಹೋಗ್ಯಾಳ. ಇನ್ನ ಇದು ಬ್ಯಾಡಂತ, ಸಾವುಕಾರ್ರು ಕೊಟ್ಟು ಬಾ ಅಂದ್ರು."

ಮೌನೇಶಪ್ಪ ಕೂಡಲೇ ನಿಂಗವ್ವನಿಗೆ ಫೋನ್ ಮಾಡಿದರು. ಆ ಕಡೆಯ ಉತ್ತರ ನನಗೂ ಕೇಳಿಸಿತು. "ಬಂದಿಲ್ಲೋ ಯಪ್ಪಾ! ಎಲ್ಲಿ ಬಂದಾಳ?"

ಮರುದಿನ ಬೆಳಿಗ್ಗೆ ನಿಂಗವ್ವ ಬಂದಳು. ಪೆಟ್ಟಿಗೆಯನ್ನು ಬಗಲಿಗಿಟ್ಟು ಅವಳೊಂದಿಗೆ ಮಾನ್ವಿ ಬಸ್ಸು ಹತ್ತುವಾಗ ಮೌನೇಶಪ್ಪ ನನ್ನನ್ನು ತಡೆದರು. "ನೀವು ಇಲ್ಲೇ ಇರ್ರಿ. ಸಂಜಿತನಕ ನಮ್ಮ ಸುದ್ದಿ ಬರಲಿಲ್ಲ ಅಂದ್ರ ಹುಡಿಕ್ಕೊಂಡು ಬರಾಕ ಯಾರರ ಬೇಕಲ್ಲ."

"ಅಲ್ಲಿ ಹೋಗಿ ಏನು ಮಾಡುತ್ತೀರಿ?"

"ಪೊಲೀಸ್ರನ್ನ ಕರ್ಕೊಂಡು ಹೋಗಿ ಬಾಗಿಲಾ ತಟ್ಟತೀನಿ. ಒಳಗ ಯಾರರ ಅದಾರೋ ಇಲ್ಲೋ, ಸಪ್ಪಳದಾಗ ಗೊತ್ತಾಗತದ."

ಮುಂದಿನದು ಕೇಳಿದ್ದು. ಮನೆಗೆ ಬೀಗ ಬಿದ್ದಿತ್ತು. ಎಲ್ಲರೂ ಶ್ರೀಶೈಲಕ್ಕೆ ಹೋಗಿದ್ದಾರೆ ಎಂದರು ನೆರೆಯವರು. ಬೀಗ ಒಡೆಯಲು ಏನಾದರೂ ಆಧಾರ ಬೇಕು ಎಂದರು ಜೊತೆಗೆ ಬಂದ ಪೊಲೀಸರು. ಮೌನೇಶಪ್ಪ ಹಿತ್ತಲಿಗೆ ಹೋಗಿ, ಕಾಳಿನ ಕೋಣೆಯ ಬಾಗಿಲು ತಟ್ಟಿ, ಕಿವಿ ಹಚ್ಚಿ, ಕೂಗಿದರಂತೆ: "ಒಳಗಿಂದ ತಟ್ಟಾಕತ್ಯಾರ್ರೀ ಸಾಹೇಬ್ರ! ಎರಡು ಸಲ! ಕೇಳಿಲ್ಲೇನು?" ಬೀಗ ಒಡೆದರು. ನೀಲಮ್ಮ ಚೀಲಗಳ ನಡುವೆ ಬಿದ್ದಿದ್ದಳು. ಜೀವವಿತ್ತು.

"ಎರಡು ಸಲ ಸರ, ಸಣ್ಣಗ," ಎಂದು ಮೌನೇಶಪ್ಪ ನನಗೂ ಹೇಳಿದರು, ಕಣ್ಣು ತಪ್ಪಿಸಿ. ನಿಂಗವ್ವನನ್ನು ವಿಚಾರಿಸಿದೆ. "ನನಗೇನೂ ಕೇಳಿಲ್ಲರೀ. ಆದ್ರ ನಾನೂ ಕೇಳಿತು ಅಂತ ಒದರಿದೆ," ಎಂದಳು.

ಪ್ರಕರಣ ಇನ್ನೂ ಮುಗಿದಿಲ್ಲ. ಸಾವುಕಾರರು ಜಾಮೀನಿನ ಮೇಲೆ ಹೊರಗಿದ್ದಾರೆ. ಅವರ ಜೀಪು ಈ ಬೀದಿಯಲ್ಲಿ ಹಾಯುವಾಗ ಅಂಗಡಿಯ ಮುಂದೆ ನಿಧಾನವಾಗುತ್ತದೆ. ನನಗೆ ಹಾಗನಿಸುತ್ತದೋ, ನಿಜವಾಗಿಯೂ ನಿಧಾನವಾಗುತ್ತದೋ, ಹೇಳಲಾರೆ. ಮೌನೇಶಪ್ಪ ಮತ್ತೆ ಚೋರಖಾನೆ ಮಾಡಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ, ಕೊನೆಯ ಸಲ ಕೂತು ಮಾತಾಡಿದ ದಿನ, ನಾನು ಕಲ್ಲಂಗಡಿ ಒಯ್ದಿದ್ದೆ. ತಟ್ಟದೆಯೇ ಕೊಯ್ದರು. ಒಳಗೆ ಬಿಳಿಚಿಕೊಂಡಿತ್ತು. ಇಬ್ಬರೂ ಅದನ್ನೇ ತಿಂದೆವು. ಆ ಬೇಸಿಗೆ ಮುಗಿಯುವ ಮುನ್ನ ಎದೆನೋವಿನಿಂದ ತೀರಿಕೊಂಡರು.

ಮಣ್ಣಾದ ಮೇಲೆ ನೀಲಮ್ಮ ತಾಯಿಯೊಂದಿಗೆ ಬಂದಳು. ಮುಚ್ಚಿದ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಬೇಡವೆಂದುಕೊಂಡರೂ ಕೇಳಿಯೇಬಿಟ್ಟೆ: "ಅವತ್ತು ಒಳಗಿನಿಂದ ಬಾಗಿಲು ತಟ್ಟಿದ್ದು ನೀವೇ ಅಲ್ಲವೇ?"

ಆಕೆ ಎರಡೂ ಕೈ ಮುಂದೆ ಚಾಚಿದಳು. ಮಣಿಕಟ್ಟಿನ ಸುತ್ತ ಇನ್ನೂ ಕಪ್ಪು ಗೆರೆಯಿತ್ತು.

"ಹ್ಯಾಂಗ ತಟ್ಟಲಿರೀ ಸರ? ಎರಡೂ ಕೈ ಹಿಂದಕ ಕಟ್ಟಿದ್ರು. ಬಾಯಾಗ ಅರಿವಿ ತುರುಕಿದ್ರು."

ಆಮೇಲೆ ಬಾಗಿಲ ಹತ್ತಿರ ಹೋಗಿ, ಬಲಗೈಯ ನಡುಬೆರಳು ಮಡಿಚಿ, ಮೆಲ್ಲಗೆ ಎರಡು ಸಲ ತಟ್ಟಿದಳು. ತಲೆ ವಾಲಿಸಿ ಕೇಳಿದಳು. ಇದನ್ನು ನಾನು ಕಣ್ಣಾರೆ ಕಂಡೆ.