ಕರೆವ್ವನ ಮಡಚೂ ಚಾಕು

ನಮ್ಮ ಖಾದರಣ್ಣಗ ಸೊಕ್ಕು ಭಾಳ ಅಂತ ರೋಣದ ಮಂದಿ ಅಂತಾರ. ಅನ್ಲಿ ಬಿಡ್ರಿ. ಅವನ ಅಂಗಡಿ ಮಗ್ಗಲಕ್ಕ ಹದಿನೆಂಟು ವರ್ಷ ಹೊಲಿಗಿ ಮಷಿನ್ ತುಳಿದಾಕಿ ನಾನು, ನೀಲಾ. ಕೀಲಿ, ಕತ್ತರಿ, ಅಡಕೊತ್ತು ಏನ ರಿಪೇರಿಗೆ ಕೊಟ್ರೂ ಅಂವ ಮೊದಲ ಮೂಸಿ ನೋಡ್ತಾನ. ಲಗೂ ಲಗೂ ಅರ ಹಾಕಿ ತಿಕ್ಕಿಬಿಡು ಅಂದ್ರಂತೂ ಮುಗೀತು, ಸಾಮಾನು ಅವರ ಕೈಯಾಗ ತಿರುಗಿ ಇಟ್ಟು ಚಾ ಕುಡ್ಯಾಕ ಹೊಂಟಬಿಡ್ತಾನ.

ಈ ಸಲ ಮಳಿಗಾಲದಾಗ ಅಸೂಟಿಯಿಂದ ಕರೆವ್ವ ಬಂದಿದ್ಲು. ಅರವತ್ತು ದಾಟೇತಿ, ಗಂಡ ಹೋದಮ್ಯಾಲೆ ತಾನ ಎತ್ತು ಹೂಡಿ ಹೊಲ ಮಾಡ್ತಾಳ. ಕೈಯಾಗ ಅವರಪ್ಪನ ಕಾಲದ ಮಡಚೂ ಚಾಕು. ವಾರದ ಹಿಂದ ಬೆಳಿ ಸಾಲಿನಾಗ ಎಡೆ ಹೊಡಿಯುವಾಗ ಒಂದೆತ್ತು ಬಿದ್ದು, ಕೊರಳಹಗ್ಗ ಬಿಗಿದಿತ್ತಂತ. ಒಂದ ಕೈಯಾಗ ಮೂಗುದಾರ, ಇನ್ನೊಂದರಾಗ ಚಾಕು. ಹೆಬ್ಬೆರಳಿಲೆ ಎಷ್ಟು ಎಬ್ಬಿಸಿದ್ರೂ ಅಲಗು ತೆರೀಲಿಲ್ಲ. ಮಗ್ಗಲ ಹೊಲದಾಂವ ಕುಡಗೋಲು ತಂದು ಹಗ್ಗ ಕೊಯ್ದಿದ್ದಕ್ಕ ಎತ್ತು ಉಳೀತು. ಮಗ ಯಮನೂರ, ಇನ್ನ ಎತ್ತು ಸಾಕು, ಮಾರಿಬಿಡೋಣು ಅಂತ ಹಟ ಹಿಡಿದು, ಆಕಿ ಅಂಗಡಿಗೆ ಬಂದ ದಿನಾನ ಸಂಜಿಗೆ ಬಾ ಅಂತ ಕೊಳ್ಳಾಂವಗ ಹೇಳಿದ್ದ.

ಖಾದರಣ್ಣ ಚಾಕು ಮೂಸಿ ನೋಡಿದ. "ಅಕ್ಕಾ, ಇದಕ್ಕ ಯಾವ ಎಣ್ಣಿ ಹಾಕ್ತೀರಿ?"

ಅಮಾಸಿ ಅಮಾಸಿಗೆ ಹೊಲದ ಸಾಮಾನು ತೊಳದು ಪೂಜಿ ಮಾಡುವಾಗ, ಚಾಕೂನ ಕೀಲಿಗೆ ತಪ್ಪದ ಮನಿ ಕುಸುಬಿ ಎಣ್ಣಿ ಬಿಡ್ತೀನಿ ಅಂದ್ಲು.

"ರೊಟ್ಟಿಗೆ ಅದರಂಥ ಎಣ್ಣಿ ಇಲ್ಲ. ಕಬ್ಬಿಣದ ಸಂದ್ಯಾಗ ಕುಂತ್ರ ಒಣಗಿ ಅಂಟಾಗ್ತೈತ್ರಿ."

ಕರೆವ್ವನ ಮಾರಿ ಸಣ್ಣದಾತು. "ಹಂಗಾರ ನನ್ನ ಕೈಯಿಂದ್ಲ ಎತ್ತು ಸಾಯ್ತಿತ್ತಲ್ಲೋ ತಮ್ಮಾ" ಅಂದ್ಲು. ಖರೇ ಹೇಳ್ತೀನಿ, ನನ್ನ ಕಣ್ಣಾಗೂ ನೀರು ಬಂತು.

ಅಂವ ಮಾತ್ರ ಏನೂ ಆಗಿಲ್ಲ ಅನ್ನೂವಂಗ ಚಾಕು ಸೀಮೆಎಣ್ಣ್ಯಾಗ ನೆನಿ ಇಟ್ಟ. ಅರ್ಧ ತಾಸಿನ ಮ್ಯಾಲೆ ತಗದು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದಂಗ ಒಳಗಿಂದ ಜೋನಿ ಬೆಲ್ಲದಂಥಾ ಹಳದಿ ಅಂಟು ಬಂತು. ಅದನ್ನ ಸಂದ್ಯಾಗ ಹತ್ತಿದಾರ ಹಾಯಿಸಿ ಎಳದು ತಗದ. ಅಲಗಿನ ಬುಡ ಹಿಡಿಕಿಯೊಳಗಿನ ಸ್ಪ್ರಿಂಗ್ ಪಟ್ಟಿಗೆ ತಾಗೂ ಜಾಗಾಕ್ಕ ನುಣುಪು ಪಾಲೀಸ್ ಕಾಗದದಲೆ ಎರಡ ಸಲ ತಿಕ್ಕಿದ. ಕಡೀಗೆ ನನ್ನ ಮಷಿನ್ ಎಣ್ಣಿ ಒಂದ ಹನಿ ಬಿಟ್ಟ. ಅರ ಮುಟ್ಟಲೇ ಇಲ್ಲ.

ಆದ್ರ ಚಾಕು ಕೊಟ್ಟು ಹಂಗ ಕಳಿಸಲಿಲ್ಲ. ನನ್ನ ಮಷಿನ್ ಕಾಲಿಗೆ ನಾಯ್ಲಾನ್ ಹಗ್ಗ ಬಿಗದು, ಎತ್ತು ಬಿದ್ದೈತಿ ಅಂತ ತಿಳಕೊಂಡು ಎಡಗೈಲೆ ಹಗ್ಗ ಜಗ್ಗಿ ಹಿಡಿರಿ ಅಂದ. ಕರೆವ್ವ ಬಲಗೈಯಾಗಿನ ಚಾಕು ತೊಡಿಗೆ ಒತ್ತಿ ಹೆಬ್ಬೆರಳಿಲೆ ಎಬ್ಬಿಸಿದ್ಲು. ಅಲಗು ಟಕ್ಕನ ನಿಂತಿತು, ಹಗ್ಗ ಎರಡಾತು. ಅಂವ ಮತ್ತ ಬಿಗದ, ಆಕಿ ಮತ್ತ ಕೊಯ್ದಳು. ಮೂರನೇ ಸಲ ಆಕಿ ಚಾಕೂನ ಕಡೆ ನೋಡಲೂ ಇಲ್ಲ.

ಅಲ್ಲೇ ನಿಂತು ಮಗಗ ಫೋನ್ ಹಚ್ಚಿದ್ಲು. ಕೊಳ್ಳಾಂವಗ ಬರಬ್ಯಾಡ ಅನ್ನು ಅಂದ್ಲು. ಮತ್ತ ಎತ್ತು ಬಿದ್ರ ಯಾರು ಬರ್ತಾರ ಅಂತ ಅಂವ ಒದರಿದ್ದು ನನಗೂ ಕೇಳಿಸ್ತು.

"ಬೀಳ್ಲಿ, ನಾ ಅದೀನಿ" ಅಂದ್ಲು ಕರೆವ್ವ.