ಬಾಚಣಿಗೆಗೆ ಬೇಕಾದ ಒಣತಲೆ

ಭೌತಶಾಸ್ತ್ರದ ಪಠ್ಯಪುಸ್ತಕ ಬರೆದವರು ನಮ್ಮ ತಿಪಟೂರಿನ ಕಡೆ ಒಮ್ಮೆಯೂ ಬಂದವರಲ್ಲ ಎಂಬುದಕ್ಕೆ ನನ್ನ ಬಳಿ ಪುರಾವೆಯಿದೆ. ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ನೆಗೆದು ಅಂಟಿಕೊಳ್ಳುತ್ತವೆ ಎಂದು ಅವರು ನಿಶ್ಚಿಂತೆಯಿಂದ ಬರೆದುಬಿಟ್ಟಿದ್ದಾರೆ. ತೆಂಗಿನೆಣ್ಣೆಯಲ್ಲಿ ಮಿಂದ ಅರವತ್ತು ತಲೆಗಳೂ, ಬಾಚಲು ಏನೂ ಉಳಿಯದ ನನ್ನದೊಂದು ತಲೆಯೂ ಇದ್ದ ತರಗತಿಯಲ್ಲಿ ಒಂದು ಚೂರೂ ಅಲುಗಲಿಲ್ಲವೆಂದರೆ ನೀವು ನಂಬಬೇಕು.

ವಿದ್ಯುದಾವೇಶ ಎಲ್ಲಿ ಸಾಂದ್ರವಾಗಿದೆಯೋ ಅಲ್ಲಿ ವಿದ್ಯುತ್ ಕ್ಷೇತ್ರವೂ ಪ್ರಬಲ ಎಂಬ ಸೂತ್ರವನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಅಳಿಸಿದವನು ನಾನು. ಒಮ್ಮೆಯಾದರೂ ಅದನ್ನು ಕಣ್ಣಿಗೆ ಕಾಣಿಸಬೇಕೆಂಬ ಹಠದಲ್ಲಿ, ನಾಳೆ ಒಬ್ಬರಾದರೂ ಎಣ್ಣೆ ಹಚ್ಚದೆ ಬನ್ನಿ ಎಂದುಬಿಟ್ಟೆ. ತರಗತಿಯಲ್ಲಿ ಎಂದೂ ತುಟಿ ಬಿಚ್ಚದ ಬಿಳಿಗೆರೆಯ ಕಾವ್ಯ ಕೈಯೆತ್ತಿದಳು.

ಮರುದಿನ ಅವಳು ಮಿರಮಿರ ಮಿಂಚುವ ಜಡೆಯೊಂದಿಗೆ, ಜೊತೆಗೆ ಅಜ್ಜಿ ಗಂಗಮ್ಮನವರೊಂದಿಗೆ ಬಂದಳು. ಅಜ್ಜಿಯಲ್ಲಿದ್ದ ಆವೇಶ ಪುಸ್ತಕದ್ದಲ್ಲ.

“ತಲೆಗೆ ಎಣ್ಣೆ ಬ್ಯಾಡ ಅನ್ನೋ ಓದು ನಮ್ಮುಡುಗಿಗೆ ಬ್ಯಾಡ ಕಣಪ್ಪ. ತೆಂಗಿನ ತೋಟ ಇರೋ ಮನೆ ಹೆಣ್ಣು ಒಣತಲೇಲಿ ಓಡಾಡಾದಾ? ಇವಳ್ನ ಆರ್ಟ್ಸಿಗೆ ಹಾಕ್ಬುಡಿ.”

ಕಾವ್ಯಳ ಕಣ್ಣು ತುಂಬಿತು. ವಿಜ್ಞಾನ ಓದಬೇಕೆಂದು ಮನೆಯಲ್ಲಿ ಜಗಳವಾಡಿ ಸೇರಿದ ಹುಡುಗಿ ಅವಳು. ನನ್ನ ಪ್ರಯೋಗದ ಹುಚ್ಚು ಅವಳ ಓದಿಗೇ ಮುಳುವಾಯಿತಲ್ಲ ಎಂದು ತಲೆತಗ್ಗಿಸಬೇಕೆನ್ನುವಾಗ ನನ್ನ ಕಣ್ಣಿಗೆ ಬಿದ್ದದ್ದು ಅಜ್ಜಿಯ ತಲೆ. ಅಂದು ಶುಕ್ರವಾರ, ಸೀಗೆಪುಡಿ ಹಾಕಿ ಮಿಂದು, ಒಣಗಿಸಿಕೊಂಡು, ಮೊಮ್ಮಗಳ ಮೇಲಿನ ಕಾಳಜಿಯಲ್ಲಿ ತಮ್ಮ ತಲೆಗೆ ಎಣ್ಣೆ ಹಚ್ಚುವುದನ್ನೇ ಮರೆತು ಬಂದಿದ್ದರು.

ಹೆದರುತ್ತಲೇ ಬಾಚಣಿಗೆಯನ್ನು ಅವರ ಕೈಗಿತ್ತೆ. ಅನುಮಾನದಿಂದ ನನ್ನ ಬೋಳುತಲೆಯನ್ನೊಮ್ಮೆ ನೋಡಿ, ಹತ್ತು ಸಲ ಬಾಚಿಕೊಂಡು, ಹೇಳಿದಂತೆ ಮೇಜಿನತ್ತ ಹಿಡಿದರು. ಕಾಗದದ ಚೂರುಗಳು ನೆಗೆದು ಹಲ್ಲುಗಳಿಗೆ ಅಂಟಿಕೊಂಡವು.

ಅಜ್ಜಿ ಬಾಚಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಲ್ಲಾ ಹಲ್ಲಿಗೇ ಯಾಕೆ ಅಂಟ್ಕಂಡವು? ಬೆನ್ನಿಗೆ ಒಂದೂ ಇಲ್ವಲ್ಲ?”

ನನ್ನ ಯಾವ ವಿದ್ಯಾರ್ಥಿಯೂ ಇದುವರೆಗೆ ಕೇಳದ ಪ್ರಶ್ನೆ ಅದು. ಗಂಟಲು ಸರಿಪಡಿಸಿಕೊಂಡು ನಾನು ಶುರುಮಾಡುವಷ್ಟರಲ್ಲಿ ಕಾವ್ಯಳೇ ಬಾಯಿಬಿಟ್ಟಳು.

“ಕೂದ್ಲಿಗೆ ತಿಕ್ಕಿದ್ದು ಹಲ್ಲು ಕಣಜ್ಜಿ. ಆವೇಶ ಅಲ್ಲೇ ಒತ್ತೊತ್ತಾಗಿ ಕೂತೈತೆ. ಒತ್ತಾಗಿರೋ ಕಡೆ ಸೆಳೆತಾನೂ ಜೋರು. ಬೆನ್ನ ಮ್ಯಾಲೆ ಆವೇಶ ಇಲ್ಲ ಅನ್ನೋವಷ್ಟು ಕಮ್ಮಿ.”

ನನ್ನ ಇಪ್ಪತ್ತು ವರ್ಷದ ಸೂತ್ರ ಅಷ್ಟರಲ್ಲೇ ಮುಗಿದಿತ್ತು. ನಾನು ಹೆಮ್ಮೆಯಿಂದ ಬೀಗಿದೆ; ಪಕ್ಕದಲ್ಲಿ ನನಗಿಂತ ಹೆಚ್ಚು ಬೀಗುತ್ತಿದ್ದವರು ಗಂಗಮ್ಮ. ಮೊಮ್ಮಗಳ ಜಡೆಯನ್ನೊಮ್ಮೆ ನೇವರಿಸಿ ಬಾಗಿಲಿನತ್ತ ಹೊರಟವರು ತಿರುಗಿ ನಿಂತರು.

“ಇವಳು ಇಲ್ಲೇ ಓದ್ಲಿ ಮೇಷ್ಟ್ರೇ. ತಲೆ ಬೇಕಾದಾಗ ನಂಗೆ ಹೇಳಿ ಕಳ್ಸಿ.”